2¹²⁷ − 1: ಕೈಲೆಕ್ಕಕ್ಕೆ ಸಿಕ್ಕ ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ

17,01,41,18,34,60,46,92,31,73,16,87,30,37,15,88,41,05,727.

ನಮ್ಮ ರೂಢಿಯಂತೆ ಅಲ್ಪವಿರಾಮಗಳನ್ನಿಟ್ಟು ಬರೆದಿರುವ ಈ 39 ಅಂಕಿಗಳ ಸಂಖ್ಯೆಯನ್ನು ಗಣಿತದಲ್ಲಿ ಚಿಕ್ಕದಾಗಿ 2¹²⁷ − 1 ಎಂದು ಬರೆಯುತ್ತಾರೆ. ಒಂದು ಮತ್ತು ತಾನು, ಇವೆರಡನ್ನು ಬಿಟ್ಟರೆ ಬೇರೆ ಯಾವ ಸಂಖ್ಯೆಯಿಂದಲೂ ಇದು ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಅಂದರೆ ಇದು ಅವಿಭಾಜ್ಯ. ಹಾಗೆಂದು 1876ರಲ್ಲಿ ಪ್ರಕಟಿಸಿದವರು ಫ್ರಾನ್ಸಿನ ಗಣಿತಜ್ಞ ಎಡ್ವಾರ್ಡ್ ಲ್ಯೂಕಾಸ್. ಅಲ್ಲಿಂದ 1951ರವರೆಗೆ, ಅಂದರೆ 75 ವರ್ಷಗಳ ಕಾಲ, ಮನುಷ್ಯರಿಗೆ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಇದೇ ಆಗಿತ್ತು. 2024ರ ಅಕ್ಟೋಬರ್‌ನಲ್ಲಿ ಪತ್ತೆಯಾದ 2¹³⁶²⁷⁹⁸⁴¹ − 1 ಎಂಬ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಅದರ ಮುಂದೆ ನಮ್ಮ ಸಂಖ್ಯೆ ಲೆಕ್ಕಕ್ಕೇ ಇಲ್ಲ. ಆದರೂ ನನ್ನ ಮನಸ್ಸು ಮತ್ತೆ ಮತ್ತೆ ಈ ಹಳೆಯ ಸಂಖ್ಯೆಯ ಕಡೆಗೇ ಹೋಗುತ್ತದೆ. ಯಂತ್ರದ ನೆರವಿಲ್ಲದ ಒಬ್ಬ ಮನುಷ್ಯನಿಗೆ 39 ಅಂಕಿಗಳ ಸಂಖ್ಯೆಯೊಂದು ಅವಿಭಾಜ್ಯವೆಂದು ತಿಳಿದದ್ದಾದರೂ ಹೇಗೆ ಎಂಬ ಪ್ರಶ್ನೆಗೆ ಪೂರ್ಣವಾದ ಉತ್ತರವಿದೆ, ಆ ಉತ್ತರ ಪ್ರೌಢಶಾಲೆಯ ಬೀಜಗಣಿತ ಬಲ್ಲವರಿಗೂ ಎಟಕುತ್ತದೆ, ಮತ್ತು ಅದು ಪೂರ್ತಿಯಾಗಿ ಈ ಸಂಖ್ಯೆಯ ರಚನೆಯೊಳಗೇ ಅಡಗಿದೆ.

ಎರಡರ ಘಾತದಿಂದ ಒಂದನ್ನು ಕಳೆದು ಪಡೆಯುವ ಸಂಖ್ಯೆಗಳಿಗೆ ಪ್ಯಾರಿಸ್ಸಿನ ಸನ್ಯಾಸಿ ಮರಾಂ ಮರ್ಸೆನ್ ಅವರ ಹೆಸರಿದೆ. ಇಂತಹ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಘಾತಾಂಕವೂ ಅವಿಭಾಜ್ಯವಾಗಿರಲೇಬೇಕು. ಘಾತಾಂಕ 6 ಆದರೆ 2⁶ − 1 ಅನ್ನು 2² − 1 ಮತ್ತು 2³ − 1 ಎರಡೂ ಭಾಗಿಸುತ್ತವೆ. ಆದರೆ ಘಾತಾಂಕ ಅವಿಭಾಜ್ಯವಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ 2¹¹ − 1 = 2047 = 23 × 89. ಮರ್ಸೆನ್ 1644ರಲ್ಲಿ 257ರವರೆಗಿನ ಘಾತಾಂಕಗಳ ಪೈಕಿ 2, 3, 5, 7, 13, 17, 19, 31, 67, 127 ಮತ್ತು 257 ಮಾತ್ರ ಅವಿಭಾಜ್ಯಗಳನ್ನು ಕೊಡುತ್ತವೆ ಎಂದು ಬರೆದರು. ಮುಂದೆ ಈ ಪಟ್ಟಿಯಲ್ಲಿ ಐದು ತಪ್ಪುಗಳು ಸಿಕ್ಕವು: 67 ಮತ್ತು 257 ಸಲ್ಲದವು, 61, 89 ಮತ್ತು 107 ಬಿಟ್ಟುಹೋದವು. 127 ಮಾತ್ರ ಸರಿಯಾಗಿಯೇ ನಿಂತಿತು. ಮರ್ಸೆನ್ ಅವರಿಗೆ ಅದನ್ನು ಪರೀಕ್ಷಿಸುವ ಯಾವ ಉಪಾಯವೂ ಇರಲಿಲ್ಲ ಎಂಬುದನ್ನು ನೆನೆದರೆ, ಈ ಸರಿಯುತ್ತರವನ್ನು ಜ್ಞಾನವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಉಪಾಯವಿರಲಿಲ್ಲ ಎಂದದ್ದಕ್ಕೆ ಕಾರಣ ಹೇಳಬೇಕು. ಸಂಖ್ಯೆಯೊಂದು ಅವಿಭಾಜ್ಯವೇ ಎಂದು ನೋಡಲು ಶಾಲೆಯಲ್ಲಿ ಕಲಿತ ದಾರಿ, ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡುವುದು. 2¹²⁷ − 1ರ ವಿಷಯದಲ್ಲಿ ಈ ಕೆಲಸ ಸ್ವಲ್ಪ ಹಗುರವಾಗುತ್ತದೆ, ಏಕೆಂದರೆ ಅದಕ್ಕೆ ಅಪವರ್ತನವೇನಾದರೂ ಇದ್ದರೆ ಅದು 254ರ ಗುಣಕಕ್ಕೆ ಒಂದನ್ನು ಕೂಡಿಸಿದ ರೂಪದಲ್ಲೇ ಇರಬೇಕೆಂದು ಫರ್ಮಾ ಅವರ ಪ್ರಮೇಯದಿಂದ ತಿಳಿಯುತ್ತದೆ. ಜೊತೆಗೆ ಅದನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು. ಈ ಎರಡು ಜರಡಿಗಳಲ್ಲಿ ಸೋಸಿದರೆ 255, 763, 1017 ಮುಂತಾದವು ತಾವೇ ಅವಿಭಾಜ್ಯವಲ್ಲವೆಂದು ಬಿದ್ದುಹೋಗುತ್ತವೆ, 509 ಅವಿಭಾಜ್ಯವಾದರೂ 8ರಿಂದ ಭಾಗಿಸಿದಾಗ 5 ಉಳಿಯುವುದರಿಂದ ಬೀಳುತ್ತದೆ, ಮತ್ತು ನಾವು ನಿಜವಾಗಿ ಭಾಗಿಸಿ ನೋಡಬೇಕಾದ ಮೊದಲ ಸಂಖ್ಯೆ 2287 ಆಗುತ್ತದೆ. ಆದರೆ 2¹²⁷ − 1ರ ವರ್ಗಮೂಲವೇ 20 ಅಂಕಿಗಳಷ್ಟು ದೊಡ್ಡದು. ಆ ಎರಡು ಜರಡಿಗಳನ್ನು ದಾಟಿ ಉಳಿಯುವ ಸಂಖ್ಯೆಗಳೇ ಸುಮಾರು 260 ಕೋಟಿ ಕೋಟಿ. ಸೆಕೆಂಡಿಗೆ ಒಂದು ಕೋಟಿಯಂತೆ ಭಾಗಿಸುತ್ತ ಹೋದರೂ 80 ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಕೈಯಲ್ಲಂತೂ ಆಗದ ಮಾತು. 1772ರಲ್ಲಿ ಗಣಿತಜ್ಞ ಆಯ್ಲರ್ 2³¹ − 1 ಅವಿಭಾಜ್ಯವೆಂದು ತೋರಿಸಿದ್ದು ಇದೇ ದಾರಿಯಿಂದ. 1867ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಂದ್ರಿ 32,03,43,17,80,337 ಎಂಬ 13 ಅಂಕಿಗಳ ಅವಿಭಾಜ್ಯವನ್ನು ಕಂಡುಕೊಂಡದ್ದು 2⁵⁹ − 1ರ ಅಪವರ್ತನಗಳನ್ನು ಹುಡುಕುವಾಗ. ಅದಾದ ಒಂಬತ್ತು ವರ್ಷಗಳಲ್ಲಿ ದಾಖಲೆ 13 ಅಂಕಿಗಳಿಂದ ಒಮ್ಮೆಲೇ 39 ಅಂಕಿಗಳಿಗೆ ನೆಗೆಯಿತು. ಇಷ್ಟು ದೊಡ್ಡ ನೆಗೆತಕ್ಕೆ ಹಳೆಯ ದಾರಿ ಸಾಲುತ್ತಿರಲಿಲ್ಲ.

ಲ್ಯೂಕಾಸ್ ಭಾಗಿಸುವುದನ್ನೇ ಕೈಬಿಟ್ಟರು. ಅವರ ಪರೀಕ್ಷೆಯನ್ನು ಇಂದಿನ ರೂಪದಲ್ಲಿ ಹೀಗೆ ಹೇಳಬಹುದು: 3ರಿಂದ ಆರಂಭಿಸಿ, ಪ್ರತಿ ಹೆಜ್ಜೆಯಲ್ಲೂ ಕೈಯಲ್ಲಿರುವ ಸಂಖ್ಯೆಯ ವರ್ಗದಿಂದ 2 ಕಳೆಯಿರಿ, ಬಂದದ್ದನ್ನು 2¹²⁷ − 1ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ, 125 ಹೆಜ್ಜೆಗಳ ಕೊನೆಗೆ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ. ಇದೇ ಪರೀಕ್ಷೆಯನ್ನು ಪುಟ್ಟ ತಮ್ಮನಾದ 2⁷ − 1, ಅಂದರೆ 127ರ ಮೇಲೆ ಮಾಡಿ ನೋಡಲು ಕಾಗದದ ಒಂದು ಚೂರು ಸಾಕು. ಅಲ್ಲಿ ಹೆಜ್ಜೆಗಳು ಐದು. 3ರ ವರ್ಗದಿಂದ 2 ಕಳೆದರೆ 7, 7ರಿಂದ 47, 47ರ ವರ್ಗ 2209, ಅದರಿಂದ 2 ಕಳೆದು 127ರಿಂದ ಭಾಗಿಸಿದರೆ ಶೇಷ 48, 48ರಿಂದ ಅದೇ ರೀತಿ 16, 16ರ ವರ್ಗ 256, ಎರಡು ಕಳೆದರೆ 254, ಅದು ಸರಿಯಾಗಿ 127ರ ಎರಡರಷ್ಟು. ಶೇಷ ಸೊನ್ನೆ. ಓದುಗರು ಇದನ್ನು ಒಮ್ಮೆ ತಮ್ಮ ಕೈಯಲ್ಲೇ ಮಾಡಿ ನೋಡಬೇಕೆಂದು ನಾನು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಒಂದು ಸಲವೂ ಅಪವರ್ತನವನ್ನು ಹುಡುಕದೆ ಅಪವರ್ತನವಿಲ್ಲವೆಂದು ತಿಳಿಯುವುದರ ಬೆರಗು ಓದಿದಾಗ ಅರ್ಧ ಮಾತ್ರ ದಕ್ಕುತ್ತದೆ.

ಭಾಗಿಸುವ ಶ್ರಮವೂ ಇಲ್ಲಿ ಇಲ್ಲದಂತಾಗುತ್ತದೆ. 127 ಎಂಬುದು 128ಕ್ಕಿಂತ ಒಂದು ಕಡಿಮೆಯಾದ್ದರಿಂದ, ಶೇಷದ ಲೆಕ್ಕದಲ್ಲಿ ಪ್ರತಿಯೊಂದು 128ನ್ನೂ 1 ಎಂದೇ ಎಣಿಸಬಹುದು. 2209ರಲ್ಲಿ 17 ಬಾರಿ 128 ಇದ್ದು 33 ಉಳಿಯುತ್ತದೆ. 17 ಮತ್ತು 33 ಕೂಡಿದರೆ 50. ಎರಡು ಕಳೆದರೆ 48. 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ ಬರೆದಾಗ ಇದರ ಅಂದ ಇನ್ನೂ ಸ್ಪಷ್ಟವಾಗುತ್ತದೆ. 2¹²⁷ − 1 ಎಂದರೆ ಸಾಲಾಗಿ ನಿಂತ 127 ಒಂದುಗಳು, ಬೇರೇನೂ ಇಲ್ಲ. ಯಾವುದೇ ಗುಣಲಬ್ಧ 127 ಸ್ಥಾನಗಳನ್ನು ಮೀರಿ ಎಡಕ್ಕೆ ಬೆಳೆದರೆ, ಮೀರಿದ ಭಾಗವನ್ನು ಕತ್ತರಿಸಿ ಬಲತುದಿಗೆ ಹೊಂದಿಸಿ ಕೂಡಿಸಿದರೆ ಮುಗಿಯಿತು. ಎರಡರಿಂದ ಗುಣಿಸುವುದೆಂದರೆ ಎಲ್ಲ ಅಂಕಿಗಳೂ ಒಂದು ಸ್ಥಾನ ಎಡಕ್ಕೆ ಸರಿದು, ಎಡತುದಿಯಲ್ಲಿದ್ದದ್ದು ಬಲತುದಿಗೆ ಬಂದು ಕೂರುವುದು, ಅಷ್ಟೇ. 127 ಬಾರಿ ಹೀಗೆ ಮಾಡಿದರೆ ಸಂಖ್ಯೆ ತನ್ನ ಮೊದಲಿನ ರೂಪಕ್ಕೆ ಮರಳುತ್ತದೆ. ಲ್ಯೂಕಾಸ್ ಈ ಗುಣವನ್ನು ಚೆನ್ನಾಗಿ ಬಳಸಿಕೊಂಡರು. ಉದ್ದಕ್ಕೆ 127, ಅಗಲಕ್ಕೆ 127 ಮನೆಗಳಿರುವ ಚದುರಂಗದ ಹಾಸಿನ ಮೇಲೆ ಕಾಯಿಗಳನ್ನಿಟ್ಟು, ಪ್ರತಿ ಸಾಲಿನಲ್ಲೂ ಒಂದೊಂದು ಮನೆ ಸರಿಸಿ, ಕೊನೆಗೆ ಕಂಬಸಾಲುಗಳನ್ನು ಕೂಡಿಸಿಕೊಂಡು ವರ್ಗ ಮಾಡುವ ವಿಧಾನವನ್ನು ಅವರು ವಿವರಿಸಿದ್ದಾರೆ. ಮನರಂಜನೆಯ ಗಣಿತದಲ್ಲಿ ಅಪಾರ ಪ್ರೀತಿಯಿದ್ದ, ಹನೋಯ್ ಗೋಪುರದ ಆಟವನ್ನು ಜಗತ್ತಿಗೆ ಕೊಟ್ಟ ವ್ಯಕ್ತಿಗೆ ಇಂತಹ ಉಪಾಯ ಹೊಳೆದದ್ದು ಸಹಜವೇ. ತಮ್ಮ ಲೆಕ್ಕದ ಪೂರ್ಣ ವಿವರಗಳನ್ನು ಮಾತ್ರ ಅವರು ಪ್ರಕಟಿಸಲಿಲ್ಲ. 1914ರಲ್ಲಿ ಫ್ರಾನ್ಸಿನವರೇ ಆದ ಫೋಕಂಬರ್ಗ್ ಈ ಸಂಖ್ಯೆಯನ್ನು ಮತ್ತೆ ಪರೀಕ್ಷಿಸಿ ಫಲಿತಾಂಶವನ್ನು ದೃಢಪಡಿಸಿದರು.

ಇನ್ನು ಸೊನ್ನೆ ಬಂದರೆ ಸಂಖ್ಯೆ ಏಕೆ ಅವಿಭಾಜ್ಯವೇ ಆಗಿರಬೇಕು ಎಂಬುದಕ್ಕೆ ಬರುತ್ತೇನೆ. ಈ ಬರಹದ ಹೃದಯ ಇದೇ ಆದ್ದರಿಂದ ನಿಧಾನವಾಗಿ ಓದಬೇಕೆಂದು ಕೋರಿಕೆ.

3 ಮತ್ತು √5 ಅನ್ನು ಕೂಡಿಸಿ ಎರಡರಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ‘ಅ’ ಎಂದೂ, 3ರಿಂದ √5 ಕಳೆದು ಎರಡರಿಂದ ಭಾಗಿಸಿದಾಗ ಬರುವುದನ್ನು ‘ಆ’ ಎಂದೂ ಕರೆಯೋಣ. ಇವೆರಡರ ಮೊತ್ತ 3, ಗುಣಲಬ್ಧ 1. ಗುಣಲಬ್ಧ 1 ಆಗಿರುವುದರಿಂದ, ಮೊತ್ತದ ವರ್ಗದಿಂದ 2 ಕಳೆದರೆ ಅವುಗಳ ವರ್ಗಗಳ ಮೊತ್ತ ಸಿಗುತ್ತದೆ. ಹಾಗಾಗಿ ನಮ್ಮ ಸರಣಿಯ ಪ್ರತಿಯೊಂದು ಪದವೂ ‘ಅ’ ಮತ್ತು ‘ಆ’ಗಳ ಘಾತಗಳ ಮೊತ್ತವೇ ಆಗಿದ್ದು, ಪ್ರತಿ ಹೆಜ್ಜೆಗೂ ಘಾತಾಂಕ ಇಮ್ಮಡಿಸುತ್ತ 1, 2, 4, 8 ಎಂದು ಏರುತ್ತದೆ. 125 ಹೆಜ್ಜೆಗಳ ನಂತರ ಶೇಷ ಸೊನ್ನೆ ಎಂದರೆ, ‘ಅ’ದ 2¹²⁵ನೆಯ ಘಾತವೂ ‘ಆ’ದ 2¹²⁵ನೆಯ ಘಾತವೂ ಒಂದನ್ನೊಂದು ಅಳಿಸಿಹಾಕುತ್ತವೆ ಎಂದರ್ಥ. ಎರಡೂ ಬದಿಗಳನ್ನು ‘ಅ’ದ ಅದೇ ಘಾತದಿಂದ ಗುಣಿಸಿದರೆ, ಶೇಷದ ಲೆಕ್ಕದಲ್ಲಿ ‘ಅ’ದ 2¹²⁶ನೆಯ ಘಾತ −1ಕ್ಕೆ ಸಮ, ವರ್ಗ ಮಾಡಿದರೆ 2¹²⁷ನೆಯ ಘಾತ 1ಕ್ಕೆ ಸಮ. ಹೀಗಾಗಿ ‘ಅ’ವನ್ನು ತನ್ನಿಂದಲೇ ಗುಣಿಸುತ್ತ ಹೋದರೆ ಅದು ಮೊದಲ ಬಾರಿಗೆ 1ಕ್ಕೆ ಮರಳುವುದು ಸರಿಯಾಗಿ 2¹²⁷ ಹೆಜ್ಜೆಗಳಲ್ಲಿ, ಮೊದಲೇ ಮರಳಿದ್ದರೆ 2¹²⁶ನೆಯ ಹೆಜ್ಜೆಯಲ್ಲೇ 1 ಇರಬೇಕಿತ್ತು, ಅಲ್ಲಿ −1 ಇದೆ.

ಈಗ 2¹²⁷ − 1 ಅವಿಭಾಜ್ಯವಲ್ಲ ಎಂದು ಒಂದು ಕ್ಷಣ ಭಾವಿಸೋಣ. ಆಗ ಅದಕ್ಕೆ ತನ್ನ ವರ್ಗಮೂಲವನ್ನು ಮೀರದ ಒಂದು ಅವಿಭಾಜ್ಯ ಅಪವರ್ತನ ಇರಲೇಬೇಕು. ಅದನ್ನು ‘ಕ’ ಎನ್ನೋಣ. ಮೇಲಿನ ಲೆಕ್ಕವೆಲ್ಲ ‘ಕ’ದಿಂದ ಭಾಗಿಸಿ ಶೇಷ ತೆಗೆದುಕೊಂಡರೂ ಹಾಗೆಯೇ ನಿಲ್ಲುತ್ತದೆ. ಆದರೆ ಆ ಲೋಕದಲ್ಲಿ ಒಂದು ಪೂರ್ಣಾಂಕಕ್ಕೆ √5ರ ಗುಣಕವನ್ನು ಕೂಡಿಸಿದ ರೂಪದ, ಸೊನ್ನೆಯಲ್ಲದ ಸಂಖ್ಯೆಗಳು ‘ಕ’ದ ವರ್ಗಕ್ಕಿಂತ ಒಂದು ಕಡಿಮೆ ಮಾತ್ರ ಇವೆ, ಮತ್ತು ‘ಕ’ದ ವರ್ಗ ಹೆಚ್ಚೆಂದರೆ 2¹²⁷ − 1. ಇಷ್ಟು ಚಿಕ್ಕ ಜಾಗದಲ್ಲಿ ‘ಅ’ ಒಂದರ ಮೇಲೊಂದರಂತೆ 2¹²⁷ ಬೇರೆ ಬೇರೆ ಸಂಖ್ಯೆಗಳಾಗಿ ಸುತ್ತಬೇಕು. ಜಾಗ ಸಾಲದು. ಹಾಗಾಗಿ ‘ಕ’ ಎಂಬ ಅಪವರ್ತನ ಇರಲಾರದು, ಸಂಖ್ಯೆ ಅವಿಭಾಜ್ಯ.

ಈ ಸಾಧನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಯಾವುದೆಂದು ನೋಡಿದರೆ, ನಮ್ಮ ಸಂಖ್ಯೆಗೆ ಒಂದನ್ನು ಕೂಡಿಸಿದಾಗ ಬರುವ 2¹²⁷ ಎಂಬುದು ಎರಡುಗಳಿಂದ ಮಾತ್ರ ಕಟ್ಟಿದ್ದು ಎಂಬ ಸಂಗತಿ. ಹಾಗಿಲ್ಲದಿದ್ದರೆ ‘ಅ’ ಎಲ್ಲಿ ಮೊದಲು 1ಕ್ಕೆ ಮರಳಿತು ಎಂದು ತಿಳಿಯಲು ಪಕ್ಕದ ಸಂಖ್ಯೆಯ ಎಲ್ಲ ಅಪವರ್ತನಗಳನ್ನೂ ಹುಡುಕಬೇಕಾಗುತ್ತಿತ್ತು. 39 ಅಂಕಿಗಳ ಯಾವುದೋ ಒಂದು ಅವಿಭಾಜ್ಯವನ್ನು ಆರಿಸಿ ಕೊಟ್ಟಿದ್ದರೆ 1876ರಲ್ಲಿ ಲ್ಯೂಕಾಸ್ ಕೂಡ ಬಹುಶಃ ಕೈಚೆಲ್ಲುತ್ತಿದ್ದರು.

ಈ ಸರಣಿಯ ಬೇರುಗಳು ನಮ್ಮ ಛಂದಸ್ಸಿನವರೆಗೂ ಬರುತ್ತವೆ. ಲ್ಯೂಕಾಸ್ ತಮ್ಮ ಪರೀಕ್ಷೆಯನ್ನು ಮೂಲದಲ್ಲಿ ರೂಪಿಸಿದ್ದು 1, 1, 2, 3, 5, 8, 13, 21 ಎಂದು ಸಾಗುವ ಫಿಬೊನಾಚಿ ಸಂಖ್ಯೆಗಳ ಮೂಲಕ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಎಣಿಸಿದಾಗ, ಇಂತಿಷ್ಟು ಮಾತ್ರೆಗಳ ಸಾಲನ್ನು ಎಷ್ಟು ವಿಧವಾಗಿ ತುಂಬಬಹುದೆಂಬ ಪ್ರಶ್ನೆಗೆ ಉತ್ತರವೂ ಇವೇ ಸಂಖ್ಯೆಗಳು. ಜೈನ ವಿದ್ವಾಂಸ ಹೇಮಚಂದ್ರ 12ನೆಯ ಶತಮಾನದಲ್ಲಿ, ಫಿಬೊನಾಚಿಗಿಂತ ಮೊದಲೇ, ಇದನ್ನು ಹೇಳಿದ್ದರು. ಭಾಮಿನಿ ಷಟ್ಪದಿಯಲ್ಲಿ ಬರುವ ಮೂರು ಮಾತ್ರೆಗಳ ಗಣಕ್ಕೆ 3 ರೂಪಗಳು, ನಾಲ್ಕು ಮಾತ್ರೆಗಳ ಗಣಕ್ಕೆ 5. ಗಣದ ಗಡಿಯನ್ನು ಬದಿಗಿಟ್ಟು ಏಳು ಮಾತ್ರೆಗಳನ್ನು ಒಟ್ಟಾಗಿ ನೋಡಿದರೆ 21 ರೂಪಗಳು. ಮೂರು 3ನ್ನು ಭಾಗಿಸುತ್ತದೆ, ಏಳು 21ನ್ನು ಭಾಗಿಸುತ್ತದೆ. ಇದು ಆಕಸ್ಮಿಕವಲ್ಲ: 3 ಅಥವಾ 7ರಲ್ಲಿ ಕೊನೆಗೊಳ್ಳುವ ಯಾವ ಅವಿಭಾಜ್ಯವನ್ನು ತೆಗೆದುಕೊಂಡರೂ, ಅಷ್ಟು ಮಾತ್ರೆಗಳ ಸಾಲಿನ ರೂಪಗಳ ಎಣಿಕೆ ಅದೇ ಅವಿಭಾಜ್ಯದಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 13 ಮಾತ್ರೆಗಳಿಗೆ 377 ರೂಪಗಳು, ಅದು 13ರ 29 ಪಟ್ಟು. 2¹²⁷ − 1ರ ಕೊನೆಯ ಅಂಕಿಯೂ 7. ಆದ್ದರಿಂದ 2¹²⁷ − 1 ಮಾತ್ರೆಗಳಿರುವ ಒಂದು ಸಾಲನ್ನು ಕಲ್ಪಿಸಿಕೊಂಡರೆ, ಅದರ ಲಘು-ಗುರು ವಿನ್ಯಾಸಗಳ ಎಣಿಕೆಯನ್ನು 2¹²⁷ − 1 ಭಾಗಿಸುತ್ತದೆ. ಕೆಲವು ಸಂಯುಕ್ತ ಸಂಖ್ಯೆಗಳೂ ಹೀಗೆ ಭಾಗಿಸುವುದುಂಟು. ಆದುದರಿಂದಲೇ ಭಾಗಿಸುತ್ತದೆ ಎಂಬಷ್ಟರಿಂದ ಲ್ಯೂಕಾಸ್ ತೃಪ್ತರಾಗಲಿಲ್ಲ, 2¹²⁷ನೆಯ ಫಿಬೊನಾಚಿ ಸಂಖ್ಯೆಯನ್ನು ಅದು ಭಾಗಿಸುತ್ತದೆ ಮತ್ತು 2¹²⁶ನೆಯದನ್ನು ಭಾಗಿಸುವುದಿಲ್ಲ ಎಂಬ ಎರಡೂ ಮಾತುಗಳು ಅವರಿಗೆ ಬೇಕಾಗಿದ್ದವು.

ಅವಿಭಾಜ್ಯವೆಂದು ತಿಳಿದ ಮೇಲೆ ಇದರ ಇತರ ಗುಣಗಳು ಬಹು ಸುಲಭವಾಗಿ ತೆರೆದುಕೊಳ್ಳುತ್ತವೆ. ಈ ಸಂಖ್ಯೆಯ ಶೇಷಲೋಕದಲ್ಲಿ, ಅಂದರೆ ಇದರಿಂದ ಭಾಗಿಸಿ ಉಳಿದ ಶೇಷಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವಲ್ಲಿ, 2ರ ವರ್ಗಮೂಲ ಯಾವುದು? 2⁶⁴ರ ವರ್ಗ 2¹²⁸, ಅಂದರೆ 2¹²⁷ರ ಎರಡರಷ್ಟು. ಅಲ್ಲಿ 2¹²⁷ಕ್ಕೆ 1ರ ಬೆಲೆಯಾದ್ದರಿಂದ ಉಳಿಯುವುದು 2. ಹೀಗೆ 2ರ ವರ್ಗಮೂಲ ಒಂದು ಪೂರ್ಣಾಂಕವಾಗಿ ನಮ್ಮ ಕಣ್ಣೆದುರೇ ನಿಲ್ಲುತ್ತದೆ. −1ಕ್ಕೆ ಮಾತ್ರ ಅಲ್ಲಿ ವರ್ಗಮೂಲವಿಲ್ಲ, ಏಕೆಂದರೆ ನಮ್ಮ ಸಂಖ್ಯೆಯನ್ನು 4ರಿಂದ ಭಾಗಿಸಿದಾಗ 3 ಉಳಿಯುತ್ತದೆ. ಅದೇ ಕಾರಣದಿಂದ ಇದನ್ನು ಎರಡು ಪೂರ್ಣವರ್ಗಗಳ ಮೊತ್ತವಾಗಿಯೂ ಬರೆಯಲಾಗದು. ವರ್ಗಮೂಲವಿರುವ ಯಾವುದೇ ಸಂಖ್ಯೆಯ ವರ್ಗಮೂಲವನ್ನು ಪಡೆಯಲು ಅದನ್ನು 125 ಬಾರಿ ಮತ್ತೆ ಮತ್ತೆ ವರ್ಗ ಮಾಡಿದರೆ ಸಾಕು. ವರ್ಗ ಮಾಡುತ್ತಲೇ ಹೋಗಿ ವರ್ಗಮೂಲವನ್ನು ತಲುಪುವ ಈ ಸಂಗತಿ ನನಗೆ ಇಂದಿಗೂ ಹೊಸದಾಗಿಯೇ ಕಾಣುತ್ತದೆ. ಅವಳಿ ಅವಿಭಾಜ್ಯದ ಭಾಗ್ಯ ಇದಕ್ಕಿಲ್ಲ: ಎರಡು ಕಳೆದರೆ ಕೊನೆಯಲ್ಲಿ 5 ಬರುತ್ತದೆ, ಎರಡು ಕೂಡಿಸಿದರೆ 3ರಿಂದ ಭಾಗವಾಗುತ್ತದೆ. ಆದರೆ ಹಾಗೆ 3ರಿಂದ ಭಾಗಿಸಿದಾಗ ಸಿಗುವ 38 ಅಂಕಿಗಳ ಸಂಖ್ಯೆ ಮತ್ತೆ ಅವಿಭಾಜ್ಯ. ಯೂಕ್ಲಿಡ್ ತೋರಿಸಿದ ಕ್ರಮದಲ್ಲಿ ಇದನ್ನು 2¹²⁶ರಿಂದ ಗುಣಿಸಿದರೆ 77 ಅಂಕಿಗಳ ಒಂದು ಪರಿಪೂರ್ಣ ಸಂಖ್ಯೆಯೂ, ಅಂದರೆ ತನ್ನನ್ನು ಬಿಟ್ಟು ಉಳಿದ ಎಲ್ಲ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆಯೂ, ದೊರೆಯುತ್ತದೆ.

ಮೇಲಿನ ನೆರೆಯವನು ಎರಡುಗಳಿಂದ ಮಾತ್ರ ಆದವನಾದರೆ, ಕೆಳಗಿನ ನೆರೆಯವನಾದ 2¹²⁷ − 2 ಚೂರುಚೂರಾಗಿ ಒಡೆಯುತ್ತಾನೆ. ಅವನ ಅತಿ ದೊಡ್ಡ ಅವಿಭಾಜ್ಯ ಅಪವರ್ತನವೇ 77,15,86,73,929. ಗೂಢಲಿಪಿಯವರಿಗೆ ಇದು ಮುಖ್ಯವಾದ ಎಚ್ಚರಿಕೆ: ಈ ಅವಿಭಾಜ್ಯದ ಗುಣಾಕಾರವನ್ನು ನೇರವಾಗಿ ಬೀಗದಂತೆ ಬಳಸಿದರೆ, ಆ ಚಿಕ್ಕ ಚೂರುಗಳ ಮೂಲಕ ಬೀಗವನ್ನು ಬಿಡಿಸಬಹುದು. ಆದರೆ ಇದರ ಶೇಷಲೋಕದ ಮೇಲೆ ದೀರ್ಘವೃತ್ತೀಯ ವಕ್ರರೇಖೆಯೊಂದನ್ನು, ಅಂದರೆ ಬಿಂದುಗಳನ್ನೇ ಸಂಖ್ಯೆಗಳಂತೆ ಕೂಡಿಸಬಹುದಾದ ಒಂದು ಬಗೆಯ ವಕ್ರರೇಖೆಯನ್ನು, ಕಟ್ಟಿದರೆ ಆ ದೋಷ ತಟ್ಟುವುದಿಲ್ಲ. 2015ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಕ್ರೇಗ್ ಕಾಸ್ಟೆಲ್ಲೊ ಮತ್ತು ಪ್ಯಾಟ್ರಿಕ್ ಲೊಂಗಾ ಪ್ರಕಟಿಸಿದ ‘ಫೋರ್ ಕ್ಯೂ’ ಎಂಬ ವಕ್ರರೇಖೆ ಈ ಸಂಖ್ಯೆಯ ಮೇಲೆಯೇ ನಿಂತಿದೆ. ಮೀರಿದ ಬಿಟ್‌ಗಳನ್ನು ಮಡಚಿ ಕೂಡಿಸುವ ಲ್ಯೂಕಾಸ್ ಕಾಲದ ಅದೇ ಅನುಕೂಲ ಇಂದಿನ ಪ್ರೊಸೆಸರ್‌ಗಳಿಗೂ ಒದಗುತ್ತಿದೆ.

ದಾಖಲೆ ಮುರಿದ ವರ್ಷದ ಬಗ್ಗೆ ಎರಡು ಮಾತು. 1951ರಲ್ಲಿ ಫೆರಿಯೆ ಎಂಬವರು ಮೇಜಿನ ಮೇಲಿನ ಯಾಂತ್ರಿಕ ಲೆಕ್ಕಯಂತ್ರದಿಂದ 44 ಅಂಕಿಗಳ ಅವಿಭಾಜ್ಯವೊಂದನ್ನು ಸಾಧಿಸಿದರು. ಅದೇ ವರ್ಷ ಮಿಲ್ಲರ್ ಮತ್ತು ವ್ಹೀಲರ್ ಕೇಂಬ್ರಿಜ್‌ನ ಎಡ್ಸ್ಯಾಕ್ ಗಣಕದಿಂದ 79 ಅಂಕಿಗಳದನ್ನು ಕಂಡುಕೊಂಡರು, ಮತ್ತು ಅದನ್ನು ಅವರು ಕಟ್ಟಿದ್ದು ಲ್ಯೂಕಾಸ್ ಅವರ ಸಂಖ್ಯೆಯಿಂದಲೇ: 2¹²⁷ − 1ರ ವರ್ಗವನ್ನು 180ರಿಂದ ಗುಣಿಸಿ ಒಂದು ಕೂಡಿಸಿದರು. 1952ರ ಜನವರಿ 30ರಂದು ಲಾಸ್ ಏಂಜಲೀಸ್‌ನ ಸ್ವ್ಯಾಕ್ ಗಣಕ ರಾಬಿನ್ಸನ್ ಅವರ ಪ್ರೋಗ್ರಾಮಿನಂತೆ 2⁵²¹ − 1 ಮತ್ತು 2⁶⁰⁷ − 1 ಎರಡನ್ನೂ ಕೊಟ್ಟ ಮೇಲೆ ದಾಖಲೆಯ ಕಥೆ ಗಣಕಗಳದ್ದಾಯಿತು. ಯಾವ ಯಂತ್ರವೂ ಇಲ್ಲದೆ ಮನುಷ್ಯರು ಸಾಧಿಸಿದ ಅತಿ ದೊಡ್ಡ ಅವಿಭಾಜ್ಯವೆಂಬ ಸ್ಥಾನ ಮಾತ್ರ 2¹²⁷ − 1ರ ಬಳಿಯೇ ಉಳಿದಿದೆ.

ಕೊನೆಯದಾಗಿ, ಈ ಸಂಖ್ಯೆಯಿಂದಲೇ ಹುಟ್ಟಿ ಇನ್ನೂ ಬಗೆಹರಿಯದ ಒಂದು ಪ್ರಶ್ನೆ. 2² − 1 ಅಂದರೆ 3; 2³ − 1 ಅಂದರೆ 7; 2⁷ − 1 ಅಂದರೆ 127; ಅದನ್ನು ಘಾತಾಂಕ ಮಾಡಿದರೆ ನಮ್ಮ ಸಂಖ್ಯೆ. ನಾಲ್ಕೂ ಅವಿಭಾಜ್ಯಗಳು. ಲ್ಯೂಕಾಸ್ ಅವರ ಫಲಿತಾಂಶ ಹೊರಬಂದ 1876ರಲ್ಲೇ ಗಣಿತಜ್ಞ ಕತಲಾನ್ ಈ ಸರಪಣಿಯನ್ನು ಗುರುತಿಸಿದರು. ಮುಂದಿನ ಕೊಂಡಿ, ಎರಡರ ಘಾತಾಂಕವಾಗಿ 2¹²⁷ − 1ನ್ನೇ ಇಟ್ಟು ಒಂದು ಕಳೆದದ್ದು, ಅವಿಭಾಜ್ಯವೇ? ಅದರಲ್ಲಿರುವ ಅಂಕಿಗಳ ಎಣಿಕೆಯೇ 38 ಅಂಕಿಗಳ ಸಂಖ್ಯೆ. ಬರೆದಿಡಲು ಭೂಮಿಯ ಮೇಲಿನ ಕಾಗದವೆಲ್ಲ ಸಾಲದು. ಲ್ಯೂಕಾಸ್ ಪರೀಕ್ಷೆ ತಾತ್ತ್ವಿಕವಾಗಿ ಇಲ್ಲಿಗೂ ಅನ್ವಯಿಸುತ್ತದೆ, ಆದರೆ ವರ್ಗ ಮಾಡಬೇಕಾದ ಹೆಜ್ಜೆಗಳ ಸಂಖ್ಯೆ 2¹²⁷ − 3, ಮತ್ತು ಪ್ರತಿ ಹೆಜ್ಜೆಯಲ್ಲೂ ಆ ಬರೆಯಲಾಗದ ಸಂಖ್ಯೆಗಳನ್ನೇ ಗುಣಿಸಬೇಕು. ಉಳಿದಿರುವ ದಾರಿ ಒಂದೇ, ಆಯ್ಲರ್ ಕಾಲದ ಹಳೆಯ ದಾರಿ: ಅಪವರ್ತನವೇನಾದರೂ ಇದ್ದರೆ ಅದು 2¹²⁷ − 1ರ ಸಮಸಂಖ್ಯಾ ಗುಣಕಕ್ಕೆ ಒಂದನ್ನು ಕೂಡಿಸಿದ ರೂಪದಲ್ಲಿರಬೇಕು. ಅಂತಹವುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಬಂದಿರುವವರಿಗೆ ಈವರೆಗೆ ಒಂದು ಅಪವರ್ತನವೂ ಸಿಕ್ಕಿಲ್ಲ.